ಬದ್ಲಿಗೆ ಬದ್ಲಾ

ಕೊಂಡಾಪುರ, ಹೈದರಾಬಾದ್
20 ಆಗಸ್ಟ್ 2000

ಸ್ವಸ್ತಿ ಶ್ರೀ ಸಮಸ್ತ ಲೋಹಪಥ ಸಾಮ್ರಾಜ್ಯ ಸಂಚಾರಿ, ಹಸಿರು ಕೆಂಪು ದ್ವಿಧ್ವಜಧಾರಿ, ಸೀಟಿಯ ನಾದಮಾತ್ರದಿಂದ ಇಡೀ ರೈಲನ್ನೇ ಕದಲಿಸಿದ ಮಹಾಪ್ರಭಾವಿ, ಧೂಮಶಕಟ ಪಶ್ಚಾದ್ಭಾಗ ಚಕ್ರವರ್ತಿ, ಮಲ್ಕಾಜ್‌ಗಿರಿ ಪುರವರಾಧೀಶ್ವರ, ನಿವೃತ್ತ ಗಾರ್ಡ್ ಶ್ರೀಮಾನ್ ಬಂಡೆಪ್ಪ ಕಾಕಾ ಅವರ ದಿವ್ಯ ಸನ್ನಿಧಾನಕ್ಕೆ—

ಕೊಂಡಾಪುರದ ಬಂಡೆಗಳ ನಡುವೆ, ಲಿಫ್ಟಿಗೆಂದು ಗುಂಡಿ ಮಾತ್ರ ಬಿಟ್ಟಿರುವ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ ವಾಸಿಸುತ್ತ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುವ, ತಮ್ಮ ಗೆಳೆಯ ದಿವಂಗತ ಸ್ಟೇಷನ್ ಮಾಸ್ಟರ್ ರವಿಶಂಕರರ ಏಕಮಾತ್ರ ಪುತ್ರ ಋಷಭನು ಮಾಡುವ ದೀರ್ಘದಂಡ ನಮಸ್ಕಾರಗಳು.

ಫೋನು ಮಾಡದೆ ಪತ್ರ ಬರೆಯುತ್ತಿರುವುದಕ್ಕೆ ಕಾರಣ ತಾವೇ. ‘ಫೋನಿನಾಗ ಆಡಿದ ಮಾತಿಗೆ ರಿಕಾರ್ಡ್ ಇರೂದಿಲ್ಲ, ಏನಿದ್ರೂ ಬರದು ಕಳಿಸು’ ಎಂದು ನಾನು ಈ ಊರಿಗೆ ಬಂದ ವಾರವೇ, ರೊಟ್ಟಿ ಬಡಿಸುತ್ತ ಆಜ್ಞಾಪಿಸಿದ್ದಿರಿ.

ವಿಷಯ ಇಷ್ಟೆ. ಹೋದ ಭಾನುವಾರ ಒಂದು ಇಂಗ್ಲಿಷ್ ಸಿನಿಮಾಕ್ಕೆ ಹೋಗಿದ್ದೆ. ಪ್ರಾಚೀನ ರೋಮ್ ನಗರದ ಸೇಡಿನ ಕಥೆ. ವಲೇರಿಯಸ್ ಎಂಬ ಸೇನಾನಿ. ಒಂದು ಹಳ್ಳಿಯನ್ನು ಸುಡು ಎಂದು ಮೇಲಧಿಕಾರಿ ಅಪ್ಪಣೆ ಕೊಡುತ್ತಾನೆ. ಇವನು ‘ನಿಯಮದಲ್ಲಿ ಇಲ್ಲ’ ಎಂದು ಸುಡುವುದಿಲ್ಲ. ಆ ಅಧಿಕಾರಿ ಇವನ ತಮ್ಮನನ್ನು ಕೊಲ್ಲಿಸಿ, ಇವನನ್ನು ಹಡಗಿನಲ್ಲಿ ಹುಟ್ಟು ಹಾಕಲು ಸರಪಳಿ ಬಿಗಿದು ಕಳಿಸುತ್ತಾನೆ. ವರ್ಷಗಳ ಮೇಲೆ ವೀರ ಮರಳುತ್ತಾನೆ. ವೈರಿಯ ಕುತ್ತಿಗೆಗೆ ಕತ್ತಿ ಹಿಡಿಯುತ್ತಾನೆ. ಆಮೇಲೆ ಏನು ಮಾಡುತ್ತಾನೆ ಗೊತ್ತೇ ಕಾಕಾ? ಕ್ಷಮಿಸುತ್ತಾನೆ! ಕತ್ತಿ ಎಸೆದು ಹೊರಟುಹೋಗುತ್ತಾನೆ. ಇದಲ್ಲವೇ ಸತ್ಯಸಂಧತೆ, ಇದಲ್ಲವೇ ವೀರತ್ವ! ನನಗೆ ತಕ್ಷಣ ನೆನಪಾದದ್ದು ತಾವು. ಈ ಪತ್ರಕ್ಕೆ ಬೇರೆ ಯಾವ ಉದ್ದೇಶವೂ ಇಲ್ಲ.

ಅಂದಹಾಗೆ, ಈ ವಾರ ನಮ್ಮಮ್ಮ ಸತ್ಯಭಾಮಾ ಅವರಿಂದ ತಮಗೊಂದು ಕಾಗದ ಬರಬಹುದು. ನನ್ನ ಆಫೀಸಿನಲ್ಲಿ ಸಿಂಚನಾ ಎಂಬ ಹುಡುಗಿ ಇದ್ದಾಳೆ. ಮದುವೆಯಾಗಬೇಕೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಅಮ್ಮ ಮೈಸೂರಿನಲ್ಲಿ ಕೂತು, ‘ಹುಡುಗಿ ಮನೆಯವರ ಬಗ್ಗೆ ಬಂಡೆಪ್ಪನವರು ವಿಚಾರಿಸಿ ಹ್ಞೂಂ ಅಂದರೆ ಹ್ಞೂಂ, ಉಹ್ಞೂಂ ಅಂದರೆ ಉಹ್ಞೂಂ’ ಎಂದು ಶಾಸನ ಹೊರಡಿಸಿದ್ದಾರೆ. ಹುಡುಗಿಯ ತಂದೆ ತಾರ್ನಾಕದಲ್ಲಿರುವ ನಿವೃತ್ತ ರೈಲ್ವೆ ಅಧಿಕಾರಿ ಜನಾರ್ದನರು.

ಆ ಜನಾರ್ದನರು ಯಾರೆಂದು ತಮಗೆ ಗೊತ್ತು. ತಮಗೆ ಗೊತ್ತು ಎಂಬುದು ನನಗೆ ಗೊತ್ತು. ಅಮ್ಮನಿಗೆ ಮಾತ್ರ ಗೊತ್ತಿಲ್ಲ.

ಇಂತಿ ತಮ್ಮ ಪಾದಧೂಳಿಯ ಅರ್ಜಿದಾರ,
ಋಷಭ್


ಮಲ್ಕಾಜ್‌ಗಿರಿ
29-8-2000

ಚಿ. ಋಷಭಗ ಬಂಡೆಪ್ಪ ಕಾಕಾನ ಆಶೀರ್ವಾದ. ನಾವು ಅರಾಮ ಇದ್ದೀವಿ.

ನಿನ್ನ ಕಾಗದ ಮುಟ್ಟಿತು. ಶುರುವಿನ ಐದಾರು ಸಾಲಿನಾಗ ನೀ ಯಾರಿಗೆ ಬರದೀ ಅನ್ನೂದ ತಿಳೀಲಿಲ್ಲ. ನಿಮ್ಮ ಕಾಕು ಶಿವದೇವಿ ‘ಇದು ಯಾವುದೋ ಮಠದ ಸ್ವಾಮ್ಯಾರಿಗೆ ಬಂದದ್ದರಿ, ಪೋಸ್ಟಮನ್‌ಗೆ ವಾಪಸ್ ಕೊಡ್ರಿ’ ಅಂದ್ಲು. ಜನಾರ್ದನ ಅನ್ನೋ ಹೆಸರು ಬಂದ ಮ್ಯಾಲೆ ಗೊತ್ತಾತು, ನನಗ ಬಂದೈತಿ ಅಂತ.

ನಿನಗ ಅರ್ಧಾ ಕಥಿ ಗೊತ್ತಿರಬೇಕು, ಪೂರಾ ಕೇಳು. ನಾ ಪ್ಯಾಸೆಂಜರ್ ಗಾಡಿ ಗಾರ್ಡ್ ಇದ್ದೆ. ಸಿಕಂದರಾಬಾದ್ ಪ್ಲಾಟ್‌ಫಾರ್ಮ್. ಟೈಮ್ ಆಗಿತ್ತು, ಸೀಟಿ ಊದಿ ಹಸರ ಝಂಡಾ ತೋರ್ಸಿದೆ. ಗಾಡಿ ಸರಿಯಾಕತ್ತಿತ್ತು. ಆಗ ಹಳಿ ದಾಟೂ ಪುಲ್ ಮ್ಯಾಲಿಂದ ಒಬ್ಬ ಹಿರೀ ಹೆಣಮಗಳು ಓಡಿ ಬಂದ್ಲು, ಬಗಲಾಗ ಉಪ್ಪಿನಕಾಯಿ ಭರಣಿ. ಹಿಂದ ಜನಾರ್ದನ, ಆಗ ನಮ್ಮ ಬದ್ಲಿ ನೋಡೂ ಸಾಹೇಬ, ‘ಏ ಬಂಡೆಪ್ಪಾ, ಕೆಂಪು ತೋರ್ಸೋ! ನಮ್ಮ ಅತ್ತೆ!’ ಅಂತ ಒದರ್ತಿದ್ದ. ಗಾಡಿ ಬಿಟ್ಟ ಮ್ಯಾಲೆ ಅತ್ತಿ ಯಾರಕಿ, ಸೊಸಿ ಯಾರಕಿ? ನಾ ತೋರ್ಸಲಿಲ್ಲ. ಗಾಡಿ ಹೋತು, ಭರಣಿ ಒಡೀತು.

ಮೂರು ವಾರದಾಗ ಬದ್ಲಿ ಆರ್ಡರ್ ಬಂತು. ಡೋರ್ನಕಲ್ ಕಡೆ ಕಲ್ಲಿದ್ದಲ ಗೂಡ್ಸ್. ಮುಂಜಾನೆ ಬಿಳಿ ಡ್ರೆಸ್ ಹಾಕ್ಕೊಂಡು ಹೋದಾಂವ ಕರ್ರಗಾಗಿ ಬರ್ತಿದ್ದೆ. ನಿಮ್ಮ ಕಾಕು ಒಮ್ಮೆ ನನ್ನ ಗುರ್ತ ಹಿಡೀಲಾರದ ಬಾಗಿಲಾ ಹಾಕ್ಕೊಂಡಾಳ.

ನಿಮ್ಮ ಅವ್ವನ ಕಾಗದ ಬಂದೈತಿ. ಓದಿ ಮ್ಯಾಜಿನ ಮ್ಯಾಲೆ ಇಟ್ಟೀನಿ. ಕಾಕು ಅಂತಾಳ: ‘ಅವ ಬದ್ಲಿ ಮಾಡಿದ. ಈಗ ಸೇಡು ತೀರ್ಸೂ ಬದ್ಲಾ ನಿಮ್ಮ ಕೈಯಾಗ ಬಂದೈತಿ. ‘ಲಿ’ದ ಗುಡಿಸು ತಗದು ಇಳಿ ಕೊಟ್ಟರ ‘ಲಾ’ ಆತು, ಭಾಳ ಕೆಲಸ ಇಲ್ಲ. ಆದ್ರ ಬ್ಯಾಡ್ರಿ.’ ನಾ ಇನ್ನೂ ಏನೂ ಅಂದಿಲ್ಲ.

ಆ ರೋಮಿನಾಂವನ ಹೆಸರು ನನ್ನ ಬಾಯಿಗೆ ತಿರಗೂದಿಲ್ಲ, ವೀರೇಶ ಅಂತೀನಿ. ವೀರೇಶ ಖರೇನ ಬಿಟ್ಟು ಹೋದ್ನಾ? ಯಾಕ ಬಿಟ್ಟ? ಸರಿಯಾಗಿ ಬರಿ.

ಬಂಡೆಪ್ಪ


ಕೊಂಡಾಪುರ
3 ಸೆಪ್ಟೆಂಬರ್ 2000

ಕಲ್ಲಿದ್ದಲಲ್ಲಿ ಮಿಂದರೂ ಕಪ್ಪಾಗದ ಕೀರ್ತಿಯುಳ್ಳ ಕಾಕಾ ಅವರಿಗೆ,

ತಮ್ಮ ಪ್ರಶ್ನೆ ಯುಗಯುಗಗಳ ಪ್ರಶ್ನೆ. ವೀರೇಶ ಯಾಕೆ ಬಿಟ್ಟ? ವಿವರವಾಗಿ ನಿವೇದಿಸುತ್ತೇನೆ.

ಕಲ್ಲಿನ ಎತ್ತರದ ಮೆಟ್ಟಿಲುಗಳು. ಮೇಲೆ ಕೆಂಪು ಶಾಲು ಹೊದ್ದ ಅಧಿಕಾರಿ, ಕೆಳಗೆ ಇಡೀ ರೋಮಿನ ಜನ. ವೀರೇಶ ಒಂದೊಂದೇ ಮೆಟ್ಟಿಲು ಹತ್ತುತ್ತಾನೆ. ಜನ ‘ಕಡಿ, ಕಡಿ’ ಎಂದು ಕೂಗುತ್ತಾರೆ. ಕತ್ತಿ ಕುತ್ತಿಗೆಗೆ ತಾಗುತ್ತದೆ. ಅಧಿಕಾರಿ ನಡುಗುತ್ತಾನೆ. ಆಗ ವೀರೇಶನಿಗೆ ಹೊಳೆಯುತ್ತದೆ: ಇವನನ್ನು ಕಡಿದರೆ, ಹಳ್ಳಿ ಸುಡುವುದಿಲ್ಲ ಎಂದು ಅಂದು ನಾನು ಹೇಳಿದ ಮಾತಿಗೆ ಬೆಲೆ ಎಲ್ಲಿ ಉಳಿಯಿತು? ಅಂದು ನಿಯಮಕ್ಕಾಗಿ ನಿಂತವನು ಇಂದು ಸಿಟ್ಟಿಗಾಗಿ ನಿಂತರೆ, ಅವನಿಗೂ ಇವನಿಗೂ ಶಾಲಿನ ಬಣ್ಣವೊಂದೇ ವ್ಯತ್ಯಾಸ. ಖಣ್ ಎಂದು ಕತ್ತಿ ಬೀಳುತ್ತದೆ. ಜನರೆಲ್ಲ ಅಳುತ್ತಾರೆ. ಥಿಯೇಟರಿನಲ್ಲಿ ನನ್ನ ಪಕ್ಕದ ಸೀಟಿನವರು ಕೂಡ ಅತ್ತರು.

ಗಾರ್ಡ್ ಹುದ್ದೆಯ ಮರ್ಮವೂ ಇದೇ ಎಂದು ನನ್ನ ನಮ್ರ ಅಭಿಪ್ರಾಯ. ಇಂಜಿನ್ ಮುಂದೆ ಎಷ್ಟು ಬೇಕಾದರೂ ಹೊಗೆ ಕಾರಲಿ, ಹಿಂದೆ ಕೂತವನು ತಣ್ಣಗೆ ಇರಬೇಕು.

ಇನ್ನು ಲೌಕಿಕದ ವಿಚಾರ. ಅಮ್ಮ ಮೈಸೂರಿನಲ್ಲಿ ಇನ್ನೊಂದು ಸಂಬಂಧ ನೋಡಿಟ್ಟಿದ್ದಾರೆ. ಹುಡುಗಿ ವೀಣೆ ನುಡಿಸುತ್ತಾಳಂತೆ. ದೀಪಾವಳಿಯೊಳಗೆ ತಮ್ಮಿಂದ ಕಾಗದ ಬಾರದಿದ್ದರೆ, ಹಬ್ಬದ ಮರುದಿನ ನಾನು ರೇಷ್ಮೆ ಪಂಚೆ ಉಟ್ಟು ವೀಣೆ ಕೇಳಲು ಹೋಗಬೇಕು. ಸಿಂಚನಾ ಇದನ್ನು ಕೇಳಿದಾಗಿನಿಂದ ಕ್ಯಾಂಟೀನಿನಲ್ಲಿ ನನ್ನ ಎದುರು ಕೂತರೂ ಚಮಚದ ಜೊತೆಗೇ ಮಾತಾಡುತ್ತಿದ್ದಾಳೆ.

ತೀರ್ಮಾನ ತಮ್ಮದು. ವೀರೇಶನ ಮಾರ್ಗವೂ ತಮ್ಮ ಮುಂದಿದೆ.

ಸದಾ ಹಸಿರು ನಿರೀಕ್ಷೆಯಲ್ಲಿರುವ,
ಋಷಭ್


ಮಲ್ಕಾಜ್‌ಗಿರಿ
1-10-2000

ಋಷಭ,

ಆಶೀರ್ವಾದ ಆಮ್ಯಾಲೆ.

ನೀ ಬರದದ್ದು ಓದಿ ಮನಸ್ಸಿಗೆ ಭಾಳ ಹತ್ತಿತು. ರಾತ್ರಿ ನಿದ್ದಿ ಬರಲಿಲ್ಲ. ಕತ್ತಿ ಒಗದು ಹೋದಾಂವನ್ನ ಒಮ್ಮೆ ನೋಡಬೇಕು ಅನ್ನಿಸ್ತು. ಆ ಸಿನಿಮಾ ತೆಲುಗಿನಾಗ ಡಬ್ ಆಗಿ ತಾರ್ನಾಕದ ಟಾಕೀಜಿಗೆ ಬಂದೈತಿ ಅಂತ ಪೇಪರಿನಾಗ ಬಂತು. ನಿಮ್ಮ ಕಾಕುನ್ನ ಕರಕೊಂಡು ಹೋದೆ. ಟಾಕೀಜಿನಾಗ ನಾವಿಬ್ಬರೂ ಬಿಟ್ಟರ ಎಲ್ಲಾರೂ ಕಾಲೇಜ್ ಹುಡುಗ್ರು. ಆಕಿ ಚುರುಮುರಿ ಪೊಟ್ಟಣ ಬಿಚ್ಚಿದ್ಲು, ಹಿಂದಿನ ಸಾಲಿನ ಹುಡುಗ್ರೂ ಕೈ ಚಾಚಿದ್ರು.

ಕಡೀಕ ಮೆಟ್ಲ ಬಂದ್ವು. ಕೆಂಪು ಶಾಲು ಬಂತು. ನಾ ಎದ್ದು ನಿಂತೆ. ಜೋರಾಗಿ ಅಂದೆ: ‘ನೋಡ್ರಿ ಈಗ, ಕತ್ತಿ ಒಗೀತಾನ! ಇದು ಮನಷ್ಯಾನ ಲಕ್ಷಣ!’ ಹಿಂದಿನಾಂವ ‘ಊಕೋ ಅಂಕುಲ್, ಕೂರ್ಚೋ’ ಅಂದ, ಸುಮ್ನ ಕೂಡು ಅಂತ. ನಾ ಚಪ್ಪಾಳಿ ಹೊಡ್ಯಾಕ ಎರಡೂ ಕೈ ಎತ್ತಿದ್ದೆ.

ಖಚ್.

ತಲಿ ಮೆಟ್ಲ ಮ್ಯಾಲಿಂದ ಉಳ್ಳಕೋತ ಬಂತು. ಪೂರಾ ಕೆಳಗಿನ ಮೆಟ್ಲದ ತನಕ ಬಂತು. ಟಾಕೀಜ್ ತುಂಬ ಸೀಟಿ. ಎತ್ತಿದ ಕೈ ಇಳಸಾಕ ಬರಲಾರದ ನಾ ಹಂಗ ನಿಂತಿದ್ದೆ. ಹುಡುಗ್ರು ತಿಳಕೊಂಡ್ರು, ಅಂಕಲ್ ತಲಿ ಕಡದದ್ದಕ್ಕ ಖುಷಿ ಆಗ್ಯಾರ ಅಂತ. ಹೊರಗ ಬಂದು ನನಗ ಕೈ ಕೊಟ್ಟು ಹೋದ್ರು.

ಒಂದು ಮಾತು ಮಾತ್ರ ಹೇಳ್ತೀನಿ. ಕಡದ ಮ್ಯಾಲೆ ವೀರೇಶನ ಮಾರಿ ನೋಡಿದೆ. ಖುಷಿ ಇರಲಿಲ್ಲ. ಡ್ಯೂಟಿ ಮುಗದು ರಿಲೀಫಿನಾಂವ ಬರಲಾರದ ಗಾರ್ಡಿನ ಮಾರಿ ಹಂಗ ಇರ್ತೈತಿ.

ಅದು ಇರಲಿ. ನೀ ಯಾಕ ಸುಳ್ಳ ಬರದಿ? ದಾರ್ಯಾಗ ನಿಮ್ಮ ಕಾಕು ನಕ್ಕೋತ ಬಂದ್ಲು, ‘ಹುಡುಗ ನಿಮ್ಮನ್ನ ಮಂಗ್ಯಾ ಮಾಡ್ಯಾನ್ರಿ’ ಅಂತ. ಮಾಡು. ಆದ್ರ ಸತ್ಯಸಂಧತಿ ಅಂತ ಹೆಸರಿಟ್ಟು ಮಾಡಬ್ಯಾಡ. ನಿಮ್ಮ ಅವ್ವಗ ಏನ ಬರೀಬೇಕು ಅನ್ನೂದು ಈಗ ನನಗ ಸ್ವಲ್ಪ ಸ್ಪಷ್ಟ ಆಗಾಕತ್ತೈತಿ.

ಬಂಡೆಪ್ಪ


ಕೊಂಡಾಪುರ
4 ಅಕ್ಟೋಬರ್ 2000

ಪೂಜ್ಯ ಕಾಕಾ,

ತಮ್ಮ ಪತ್ರ ಓದಿ ನನ್ನ ತಲೆಯೂ ಮೆಟ್ಟಿಲಿಳಿಯಿತು. ಇದರಲ್ಲಿ ನನ್ನ ತಪ್ಪಿಲ್ಲ. ಇಂಗ್ಲಿಷ್ ಚಿತ್ರದಲ್ಲಿ ವೀರೇಶ ಕ್ಷಮಿಸುತ್ತಾನೆ. ತೆಲುಗಿನಲ್ಲಿ ಕಡಿದಿದ್ದಾನೆ ಎಂದರೆ ಅದು ನಿಸ್ಸಂಶಯವಾಗಿ ಡಬ್ಬಿಂಗ್ ದೋಷ. ಈ ಊರಿನ ಪ್ರೇಕ್ಷಕರು ಕ್ಷಮೆಯನ್ನು ಸಹಿಸುವುದಿಲ್ಲವೆಂದು ಬದಲಾಯಿಸಿರಬೇಕು. ದಯವಿಟ್ಟು ಅಮ್ಮನಿಗೆ ಬರೆಯುವ ಮುನ್ನ ಇದನ್ನು ಪರಿಗಣಿಸಬೇಕು.

ಇನ್ನೂ ವೀರೇಶನ ಪಕ್ಷದಲ್ಲೇ ಇರುವ,
ಋಷಭ್


(ಪೋಸ್ಟ್ ಕಾರ್ಡ್)
ಮಲ್ಕಾಜ್‌ಗಿರಿ
9-10-2000

ಋಷಭ, ಮಾತು ಡಬ್ ಮಾಡ್ತಾರ. ತಲಿ ಹ್ಯಾಂಗ ಡಬ್ ಮಾಡ್ತಾರಪಾ?

ಬಂಡೆಪ್ಪ


ಕೊಂಡಾಪುರ
14 ಅಕ್ಟೋಬರ್ 2000

ಕಾಕಾ,

ತಲೆಯನ್ನು ಡಬ್ ಮಾಡಲು ಬರುವುದಿಲ್ಲ. ಒಪ್ಪಿದೆ.

ಈ ಸಲ ಬಿರುದು ಇಲ್ಲ, ರೋಮೂ ಇಲ್ಲ. ಅಮ್ಮನಿಗೆ ನೀವು ಏನು ಬರೆದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆಯಲು ಕೂತಿದ್ದೆ. ಅದೂ ಸುಳ್ಳಾಗುತ್ತದೆ. ಬೇಜಾರು ಮಾಡಿಕೊಳ್ಳುತ್ತೇನೆ. ಬಹಳ ಮಾಡಿಕೊಳ್ಳುತ್ತೇನೆ.

ಜನಾರ್ದನರನ್ನು ಕ್ಷಮಿಸಿ ಎಂದು ನಿಮಗೆ ಹೇಳುವುದಕ್ಕೆ ನಾನು ಯಾರು? ಕಲ್ಲಿದ್ದಲ ಗಾಡಿಯಲ್ಲಿ ಹೋದವರು ನೀವು. ಅವರ ಬಗ್ಗೆ ನಿಮಗೆ ಅನ್ನಿಸಿದ್ದನ್ನೇ ಬರೆಯಿರಿ. ಆದರೆ ಸಿಂಚನಾ ಆಗ ಹುಟ್ಟಿಯೂ ಇರಲಿಲ್ಲ. ಅವಳನ್ನು ಬೇರೆ ಬೋಗಿಯಲ್ಲಿ ಕೂರಿಸಿ ನೋಡಿ ಎಂದಷ್ಟೇ ಕೇಳುತ್ತೇನೆ.

ಪಂಚೆ ಇಸ್ತ್ರಿಯಾಗಿ ಬಂದಿದೆಯಂತೆ, ಅಮ್ಮ ಫೋನಿನಲ್ಲಿ ಹೇಳಿದರು.

ಋಷಭ್


ಮಲ್ಕಾಜ್‌ಗಿರಿ
23-10-2000

ಚಿ. ಋಷಭಗ ಆಶೀರ್ವಾದ.

ನಿನ್ನ ಹಿಂದಿನ ಕಾಗದ ಸಣ್ಣದಿತ್ತು, ಛಲೋ ಇತ್ತು. ಕಾಕು ಅದನ್ನ ಎರಡು ಸರ್ತಿ ಓದಿಸಿದ್ಲು.

ನಿನ್ನೆ ಐತವಾರ. ನಾ ಬನೇನ್ ಮ್ಯಾಲೆ ಕುಂತು ಜೋಳ ಹಸನ ಮಾಡಾಕತ್ತಿದ್ದೆ. ಬಾಗಿಲ್ದಾಗ ಯಾರೋ ನಿಂತಂಗಾತು. ಕೋಲು, ಕನ್ನಡಕ, ಒಗದ ಶರ್ಟು. ‘ಬಂಡೆಪ್ಪನವರ ಮನೆ ಇದೇನಾ?’

ಜನಾರ್ದನ. ಸರ್ವೀಸಿನಾಗ ಇರೂತನಕ ಅವನ ಬಾಯಾಗ ನಾ ‘ಏ ಬಂಡೆಪ್ಪಾ’. ‘ನವರ’ ಅನ್ನೂದು ನಿನ್ನೆ ಮೊದಲ ಸರ್ತಿ ಹತ್ತಿತು.

ಕೂಡ್ರಿ ಅಂತ ಹೇಳಾಕ ನನಗ ತಡಾ ಆತು. ಶಿವದೇವಿ ಒಳಗಿಂದ ಬಂದು ನನ್ನ ಪರವಾಗಿ ಹೇಳಿದ್ಲು. ಅವ ಕುಂತ. ನಾ ಜೋಳ ಹಸನ ಮಾಡಿದೆ. ಅವ ನೋಡಿದ.

‘ನಿಮಗೆ ಗೊತ್ತಿರಬೇಕು, ನಮ್ಮ ಸಿಂಚನಾಗೆ ಒಂದು ಸಂಬಂಧ ಬಂದಿದೆ. ಹುಡುಗನ ತಂದೆ ನಿಮ್ಮ ಜೊತೆ ಟ್ರೇನಿಂಗ್‌ನಲ್ಲಿದ್ದರಂತೆ. ಈ ಊರಲ್ಲಿ ಆ ಹುಡುಗನನ್ನ ಬಲ್ಲವರು ನೀವೊಬ್ಬರೇ. ಹೇಗೆ ಹುಡುಗ? ನೀವು ಹೇಳಿದರೆ ನಂಬ್ತೇನೆ.’

‘ನನ್ನ ಯಾಕ ನಂಬ್ತೀರಿ?’ ಅಂದೆ.

‘ನಮ್ಮ ಅತ್ತೆಗೇ ಗಾಡಿ ನಿಲ್ಲಿಸದವರು ನೀವು. ಈ ಹುಡುಗನಿಗೆ ನಿಲ್ಲಿಸ್ತೀರಾ?’

ಶಿವದೇವಿ ಚಾ ತಂದಾಕಿ ಬಾಗಿಲ್ದಾಗ ನಿಂತ್ಲು. ನಾ ಕೇಳೇಬಿಟ್ಟೆ: ‘ಎರಡ ನಿಮಿಷದ ಗಾಡಿಗೆ ನನ್ನ ನಾಕು ವರ್ಷ ಕಲ್ಲಿದ್ದಲಿಗೆ ಹಾಕಿದ್ರಲ್ರಿ?’

ಅವ ಕಪ್ ಕೆಳಗಿಟ್ಟ. ‘ಗಾಡಿ ತಪ್ಪಿದ್ದಕ್ಕಲ್ಲ ಮಾರಾಯರೇ. ಶಕುನ ಸರಿಯಿಲ್ಲ ಅಂತ ನಮ್ಮತ್ತೆ ಮನೆಗೆ ವಾಪಸ್ ಬಂದರು. ಬಂದವರು ಹೊರಡಲೇ ಇಲ್ಲ. ಮುಂದಿನ ಮಾವಿನಕಾಯಿ ಕಾಲದವರೆಗೂ ಇದ್ದರು, ಹೊಸ ಭರಣಿ ಹಾಕಿಯೇ ಹೋದದ್ದು. ದಿನಾ ಊಟಕ್ಕೆ ಕೂತಾಗ, ಅಳಿಯನ ಮಾತಿಗೆ ಒಬ್ಬ ಗಾರ್ಡ್ ಕೂಡ ಬೆಲೆ ಕೊಡಲಿಲ್ಲ ಅಂತಿದ್ದರು. ಹದಿನೈದು ದಿನ ಕೇಳಿದೆ. ಹದಿನಾರನೇ ದಿನ ಆರ್ಡರಿಗೆ ಸಹಿ ಹಾಕಿದೆ. ತಪ್ಪು. ದೊಡ್ಡ ತಪ್ಪು.’

ನಾನೂ ಶಿವದೇವಿ ಒಬ್ಬರ ಮಾರಿ ಒಬ್ಬರು ನೋಡಿದಿವಿ. ಇಷ್ಟು ವರ್ಷ ಬದ್ಲಾ ತಗೋಬೇಕು ತಗೋಬೇಕು ಅಂತ ಹಲ್ಲು ಕಡದೆ. ಬದ್ಲಾ ನಾ ಝಂಡಾ ತೋರ್ಸಿದ ದಿನಾನ ಮುಗದಿತ್ತು! ಬದ್ಲಿ ಬಂದದ್ದು ಆಮ್ಯಾಲೆ. ಶಿವದೇವಿ ಸೆರಗ ಬಾಯಾಗ ಇಟ್ಟಕೊಂಡು ಒಳಗ ಓಡಿದ್ಲು. ಒಳಗ ಭಾಂಡೆ ಬಿದ್ದಂಗ ಸಪ್ಪಳ ಆತು, ನಕ್ಕದ್ದು. ಜನಾರ್ದನನೂ ನಕ್ಕ. ನಾ ಸ್ವಲ್ಪ ತಡದು ನಕ್ಕೆ.

ನಿನ್ನ ಬಗ್ಗೆ ಅವಗ ಹೇಳಿದ್ದು ಇಷ್ಟ: ‘ಹುಡುಗ ಛಲೋ. ಸುಳ್ಳ ಭಾಳ ಹೇಳ್ತಾನ, ಆದ್ರ ಲಗೂನ ಸಿಕ್ಕಿಬೀಳ್ತಾನ. ಸಿಕ್ಕಿಬೀಳೋ ಸುಳ್ಳುಗಾರ ಮನಿಗೆ ಧೋಕಾ ಅಲ್ಲ.’

ನಿಮ್ಮ ಅವ್ವಗ ಇವತ್ತು ಕಾಗದ ಹಾಕೀನಿ. ಅದರಾಗ ಬರದದ್ದು: ‘ತಂದಿ ಜೋಡಿ ನನ್ನ ಹಳೇ ಜಗಳ ಇತ್ತು. ಅದಕ್ಕ ಅವರ ಬಗ್ಗೆ ನನ್ನ ಮಾತು ಹಿಡೀಬ್ಯಾಡ್ರಿ. ಹುಡುಗಿ ಬಗ್ಗೆ ಹಿಡೀರಿ. ಅವರ ಓಣ್ಯಾಗ ಹೂವಾ ಮಾರೋ ಹುಸೇನಮ್ಮನ್ನ ಕೇಳೀನಿ, ಬಾಜೂ ಮನ್ಯಾಗ ಕೇಳೀನಿ. ಎಲ್ಲಾರದೂ ಒಂದ ಮಾತು. ಹುಡುಗಿ ಬಂಗಾರ. ಸುಳ್ಳ ಅನ್ನೂದು ಆಕಿ ಬಾಯಾಗ ಬರೂದಿಲ್ಲ. ನಿಮ್ಮ ಹುಡುಗಗ ಇಂಥಾಕೀನ ಬೇಕು.’

ಪಂಚಿ ಇಸ್ತ್ರಿ ಕೆಡಿಸಬ್ಯಾಡ, ಬ್ಯಾರೆ ಕೆಲಸಕ್ಕ ಬರ್ತೈತಿ.

ನಿನ್ನ ಕಾಕಾ,
ಬಂಡೆಪ್ಪ


ಕೊಂಡಾಪುರ
5 ನವೆಂಬರ್ 2000

ಸ್ವಸ್ತಿ ಶ್ರೀ ವಿಜಯಾಭ್ಯುದಯ, ಉಭಯ ಕುಟುಂಬ ಸಂಧಿವಿಗ್ರಹಿ, ಬದ್ಲಿಯನ್ನು ಬೆಲ್ಲ ಮಾಡಿ ಹಂಚಿದ ಮಹಾತ್ಮರಾದ ಬಂಡೆಪ್ಪ ಕಾಕಾ ಅವರಿಗೆ, ಮತ್ತು ಒಳಮನೆಯಿಂದಲೇ ರಾಜ್ಯವಾಳುವ ಶಿವದೇವಿ ಕಾಕು ಅವರಿಗೆ ಅನಂತ ಪ್ರಣಾಮಗಳು.

ಅಮ್ಮ ಹ್ಞೂಂ ಎಂದಿದ್ದಾರೆ. ತಮ್ಮ ಪತ್ರವನ್ನು ದೇವರ ಮನೆಯಲ್ಲಿ ಇಟ್ಟಿದ್ದಾರೆ. ವೀಣೆಯ ಮನೆಯವರಿಗೆ ಕ್ಷಮಾಪಣೆ ಹೋಗಿದೆ. ಮಾಘ ಮಾಸದಲ್ಲಿ ಲಗ್ನ. ಜನಾರ್ದನರು, ನನ್ನ ಭಾವಿ ಮಾವನವರು, ಧಾರೆಯ ಹೊತ್ತಿಗೆ ಗಟ್ಟಿಮೇಳಕ್ಕೆ ಸನ್ನೆ ಮಾಡುವ ಜವಾಬ್ದಾರಿಯನ್ನು ತಮಗೇ ಒಪ್ಪಿಸಬೇಕೆಂದು ಹಟ ಹಿಡಿದಿದ್ದಾರೆ. ‘ಮುಹೂರ್ತ ಒಂದು ನಿಮಿಷವೂ ಆಚೀಚೆ ಆಗೋದಿಲ್ಲ, ಯಾರ ಅತ್ತೆ ಬರುವುದಿದ್ದರೂ ಅಷ್ಟೇ’ ಎಂದರು.

ಕ್ಯಾಂಟೀನಿನಲ್ಲಿ ಸಿಂಚನಾ ಈಗ ನನ್ನ ಜೊತೆಗೇ ಮಾತಾಡುತ್ತಾಳೆ. ಚಮಚಕ್ಕೆ ಬಿಡುವು ಸಿಕ್ಕಿದೆ.

ಇಲ್ಲಿಗೆ ಪತ್ರ ಮುಗಿಸಬಹುದಿತ್ತು. ಆದರೆ ತಮ್ಮಂಥವರ ಸಹವಾಸದಿಂದ ನನಗೂ ಸ್ವಲ್ಪ ಸತ್ಯದ ಸೋಂಕು ತಗುಲಿದೆ.

ಕಾಕಾ, ಆ ಸಿನಿಮಾಕ್ಕೆ ನಾನು ಹೋದದ್ದು ನಿಜ, ಸಿಂಚನಾ ಜೊತೆ. ಶುರುವಾದ ಸ್ವಲ್ಪ ಹೊತ್ತಿಗೇ ತೆರೆಯ ಮೇಲೆ ಯಾರದೋ ತೋಳು ತುಂಡಾಗಿ ಬಿತ್ತು. ಅಲ್ಲಿಂದ ನಾನು ಕಣ್ಣು ಬಿಡಲಿಲ್ಲ. ನನಗೆ ರಕ್ತ ಕಂಡರೆ ಆಗುವುದಿಲ್ಲ, ಟೊಮ್ಯಾಟೊ ಸಾರು ಕೂಡ ಕೆಲವು ದಿನ ಕಷ್ಟ. ಉಳಿದ ಎರಡು ಗಂಟೆ ಸೀಟಿನ ಕೈ ಹಿಡಿದು ಕೂತಿದ್ದೆ. ಕಥೆಯನ್ನೆಲ್ಲ ಅವಳೇ ಕಿವಿಯಲ್ಲಿ ಹೇಳುತ್ತಿದ್ದಳು. ಕೊನೆಯಲ್ಲಿ ಜನ ಕಿರುಚಿದಾಗ ನಾನು, ‘ಏನಾಯ್ತು, ಏನಾಯ್ತು?’ ಎಂದೆ. ಅವಳು, ‘ಏನೂ ಇಲ್ಲ ಕಣೋ. ಕತ್ತಿ ಎಸೆದ. ಕ್ಷಮಿಸಿಬಿಟ್ಟ. ನೋಡು, ಎಲ್ಲರೂ ಅಳ್ತಿದ್ದಾರೆ’ ಎಂದಳು. ಪಕ್ಕದ ಸೀಟಿನವರು ಅತ್ತರು ಎಂದು ತಮಗೆ ಬರೆದದ್ದು ಅವಳನ್ನೇ. ಅವಳು ನಗು ತಡೆಯಲಾರದೆ ಕಣ್ಣೀರು ಹಾಕುತ್ತಿದ್ದಳೆಂದು ಹೋದ ತಿಂಗಳು, ತಮ್ಮ ಪೋಸ್ಟ್ ಕಾರ್ಡ್ ತೋರಿಸಿ ಕೇಳಿದಾಗ ಗೊತ್ತಾಯಿತು.

ತಮ್ಮ ಪೋಸ್ಟ್ ಕಾರ್ಡ್ ಬರುವ ತನಕ ವೀರೇಶ ಕ್ಷಮಿಸಿದನೆಂದೇ ನಾನು ನಂಬಿದ್ದೆ. ಡಬ್ಬಿಂಗ್ ದೋಷ ಎಂದದ್ದು ಕೂಡ ಮನಃಪೂರ್ವಕವಾಗಿ. ಆಮೇಲೆ ನಿಜ ಹೇಳಲಿಲ್ಲ, ಏಕೆಂದರೆ ಸುಳ್ಳುಗಾರ ಎನ್ನಿಸಿಕೊಂಡರೂ ಪರವಾಗಿಲ್ಲ, ಪುಕ್ಕಲ ಎನ್ನಿಸಿಕೊಳ್ಳುವುದು ಬೇಡ ಅನ್ನಿಸಿತು.

ಆದ್ದರಿಂದ ತಮ್ಮ ಮಾತಿನಲ್ಲಿ ಎರಡೇ ಎರಡು ತಪ್ಪುಗಳು ಉಳಿದಿವೆ: ನಾನು ಸುಳ್ಳು ಹೇಳುತ್ತೇನೆ ಎಂಬುದು, ಅವಳು ಹೇಳುವುದಿಲ್ಲ ಎಂಬುದು. ದಯವಿಟ್ಟು ತಿದ್ದಬೇಡಿ.

ಇಂತಿ,
ಕಣ್ಣು ಮುಚ್ಚಿಯೇ ಎಲ್ಲವನ್ನೂ ಕಂಡ,
ಋಷಭ್